ಅಫೀಮು: ಕಾಯಿಯ ಹಾಲಿನಿಂದ ತಲೆಯೊಳಗಿನವರೆಗೆ

ಗಸಗಸೆ ಗಿಡದ ಎಳೆಗಾಯಿಯನ್ನು ಸಂಜೆ ಹೊತ್ತಿಗೆ ಗೀರಿ ಬಿಟ್ಟರೆ ರಾತ್ರಿಯೆಲ್ಲ ಹಾಲು ಒಸರಿ, ಬೆಳಗಾಗುವಾಗ ಕಂದು ಅಂಟಾಗಿ ಕೂತಿರುತ್ತದೆ. ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಪರವಾನಗಿ ಪಡೆದ ರೈತರು ಅದನ್ನು ಕೆರೆದು ತೆಗೆಯುತ್ತಾರೆ. ಗ್ರೀಕರು ಗಿಡದ ಹಾಲನ್ನು 'ಓಪೊಸ್' ಎನ್ನುತ್ತಿದ್ದರು. ಈ ಕಾಯಿಯದು 'ಓಪಿಯೊನ್' ಆಯಿತು. ಅರಬಿಯಲ್ಲಿ ಪಕಾರವಿಲ್ಲ, ಹಾಗಾಗಿ ಅಲ್ಲಿ 'ಅಫ್ಯೂನ್'. ಸಂಸ್ಕೃತದ ವೈದ್ಯರು ಆ ಪರದೇಶಿ ಶಬ್ದವನ್ನು 'ಅಹಿಫೇನ' ಮಾಡಿಕೊಂಡರು, ಅಂದರೆ ಹಾವಿನ ನೊರೆ. ಹಾವಿಗೂ ಈ ಗಿಡಕ್ಕೂ ಸಂಬಂಧವೇನಿಲ್ಲ, ಆದರೂ ಎಚ್ಚರಿಕೆಯನ್ನು ಹೆಸರಿನಲ್ಲೇ ಇಟ್ಟ ಜಾಣ್ಮೆ ದೊಡ್ಡದು. ಕನ್ನಡದ 'ಅಫೀಮು' ಆಡುಮಾತಿನಲ್ಲಿ 'ಅಪೀಮು' ಆಗುತ್ತದೆ. ಅರಬಿಯಲ್ಲಿ ಕಳೆದುಹೋದ ಪಕಾರ ಹಳ್ಳಿಗರ ಬಾಯಲ್ಲಿ ತಿರುಗಿ ಸಿಕ್ಕಿದೆ.

ಹೊರಗಿನ ವಸ್ತುವಿನ ಹೆಸರಾಗಿದ್ದ ಈ ಪದ 1970ರ ದಶಕದಲ್ಲಿ ತಲೆಯೊಳಗೆ ಹೊಕ್ಕಿತು. 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ಅಫೀಮಿನ ಅಂಶ ಹೋಗಿ ಕೂರುವ ಗ್ರಾಹಕಗಳು ಮಿದುಳಿನಲ್ಲಿವೆ ಎಂದು ತೋರಿಸಿದರು. ಯಾವುದೋ ಕಾಯಿಯ ಹಾಲಿಗೆಂದು ಮಿದುಳು ಜಾಗ ಮಾಡಿಟ್ಟುಕೊಂಡಿರುತ್ತದೆಯೇ? ಒಳಗೇ ಅಂಥದ್ದೇನೋ ಇರಬೇಕು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕೋಸ್ಟರ್‌ಲಿಟ್ಜ್ ಹಂದಿಯ ಮಿದುಳಿನಿಂದ ಅದನ್ನು ಬೇರ್ಪಡಿಸಿ 'ಎನ್‌ಕೆಫಲಿನ್' ಎಂದರು. 'ತಲೆಯೊಳಗಿನದು' ಎಂಬ ಅರ್ಥದ ಗ್ರೀಕ್ ಮಾತಿನಿಂದ ಕಟ್ಟಿದ ಹೆಸರು. ಇಂಥದೇ ಇನ್ನೊಂದಕ್ಕೆ ಇಟ್ಟ ಹೆಸರು 'ಎಂಡಾರ್ಫಿನ್', ಅಂದರೆ ಒಳಗಿನ ಮಾರ್ಫಿನ್; ಮಾರ್ಫಿನ್ ಅಫೀಮಿನದೇ ಅಂಶ. ಒಳಗಿನವು, ಹೊರಗಿನವು ಎಲ್ಲಕ್ಕೂ ಸೇರಿಸಿ ಈಗ 'ಓಪಿಯಾಯ್ಡ್' ಎನ್ನುತ್ತಾರೆ.

ಇವು ನೋವನ್ನಷ್ಟೇ ತಣಿಸುವುದಿಲ್ಲ, ಊಟದ ಸವಿಯಲ್ಲೂ ಇವೆ. ಓಪಿಯಾಯ್ಡ್‌ಗಳನ್ನು ತಡೆಯುವ ನಲಾಕ್ಸೋನ್ ಕೊಟ್ಟಾಗ ಹಸಿದ ಇಲಿಗಳೂ ಕಡಿಮೆ ತಿಂದವು ಎಂದು 1974ರಲ್ಲೇ ವರದಿಯಾಗಿತ್ತು. ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಇಲಿಯ ಮುಖವನ್ನೇ ನೋಡುತ್ತ ಕೂತರು. ಸಕ್ಕರೆ ನೀರು ಬಾಯಿಗೆ ಬಿದ್ದರೆ ಇಲಿ ನಾಲಿಗೆ ಚಾಚಿ ತುಟಿ ನೆಕ್ಕಿಕೊಳ್ಳುತ್ತದೆ. ಮಿದುಳಿನ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಭಾಗದ ಒಂದು ಪುಟ್ಟ ಚುಕ್ಕೆಯಷ್ಟು ಜಾಗಕ್ಕೆ ಓಪಿಯಾಯ್ಡ್ ಬಿಟ್ಟರೆ ಆ ನೆಕ್ಕುವಿಕೆ ಹೆಚ್ಚುತ್ತದೆ. ಮಿದುಳಿನ ಇನ್ನೊಂದು ರಾಸಾಯನಿಕವಾದ ಡೋಪಮೀನ್ ಹೆಚ್ಚಿಸಿದರೆ ಹಾಗಾಗುವುದಿಲ್ಲ. ತಿನಿಸಿನ ಬೆನ್ನು ಹತ್ತುವುದಷ್ಟೇ ಹೆಚ್ಚುತ್ತದೆ. ನಾವು ಚಪಲ ಎನ್ನುವುದು ಒಂದು, ಸವಿ ಎನ್ನುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ರಸಾಯನ. ಹೊಟ್ಟೆ ತುಂಬಿದ ಮೇಲೂ ಕೈ ಮೈಸೂರ್ ಪಾಕಿನ ಕಡೆ ಹೋಗುವವರನ್ನು ಬರೀ ಮನೋಬಲವಿಲ್ಲದವರು ಎಂದು ಹೀಗಳೆಯುವುದು ಅನ್ಯಾಯ.

ಕುಡಿತದ ಕಥೆಯೂ ಇಲ್ಲಿಗೇ ಸೇರುತ್ತದೆ. ಮದ್ಯ ಮಿದುಳಿನ ಎಂಡಾರ್ಫಿನ್‌ಗಳನ್ನು ಹೊರಡಿಸುತ್ತದೆ. ಅವು ಹೋಗಿ ಕೂರುವ ಗ್ರಾಹಕಗಳನ್ನು ಮುಚ್ಚುವ ನಾಲ್ಟ್ರೆಕ್ಸೋನ್ ಗುಳಿಗೆಗೆ ಅಮೆರಿಕದಲ್ಲಿ 1994ರಲ್ಲಿ ಮದ್ಯವ್ಯಸನದ ಚಿಕಿತ್ಸೆಗೆಂದು ಅನುಮತಿ ಸಿಕ್ಕಿತು. ಅಫೀಮಿನ ಚಟಕ್ಕೆ ಅದಕ್ಕೂ ಹತ್ತು ವರ್ಷ ಮೊದಲೇ ಅದನ್ನು ಕೊಡುತ್ತಿದ್ದರು.