ಗೂಡಂಗಡಿಯೆದುರು ಸೋತ ಯಂತ್ರ

ಗಾಜಿನ ಬುರುಡೆಯಲ್ಲಿ ಬಣ್ಣಬಣ್ಣದ ಮಿಠಾಯಿ ತುಂಬಿಟ್ಟು, ನಾಣ್ಯ ಹಾಕಿ ಹಿಡಿ ತಿರುಗಿಸಿದವರಿಗೆ ನಾಲ್ಕು ಕಾಳು ಉದುರಿಸುವ ಯಂತ್ರ ಹೊಸ ಕಾಲದ ಆಟಿಕೆಯಲ್ಲ. ನ್ಯೂಯಾರ್ಕಿನ ರೈಲು ನಿಲ್ದಾಣಗಳಲ್ಲಿ ಥಾಮಸ್ ಆಡಮ್ಸ್ ಕಂಪನಿಯ ಚೂಯಿಂಗ್ ಗಮ್ ಯಂತ್ರಗಳು 1888ರಲ್ಲೇ ನಿಂತಿದ್ದವು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಂದರೆ ಈ ಊರು ರೈಲು ಕಾಣುವ ಮೊದಲೇ ಆ ಯಂತ್ರ ಜಗತ್ತಿನಲ್ಲಿತ್ತು. ಆಮೇಲೆ ನೂರು ವರ್ಷಕ್ಕೂ ಮಿಕ್ಕಿ ಕಾಲ ಕಳೆದರೂ ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಮಿಠಾಯಿಯ ದಿನನಿತ್ಯದ ವ್ಯಾಪಾರ ಯಂತ್ರದ ಕೈಗೆ ಹೋಗಲಿಲ್ಲ, ಗೂಡಂಗಡಿಯ ಭರಣಿಯಲ್ಲೇ ಉಳಿಯಿತು. ಇದಕ್ಕೆ ಜನ ಕೊಡುವ ಕಾರಣ ಸುಲಭದ್ದು: ನಾವು ಬಡವರು, ಹಿಂದುಳಿದವರು, ಯಂತ್ರಕ್ಕೆ ಒಗ್ಗದವರು. ಈ ವಿವರಣೆ ತಪ್ಪೆಂದು ನನ್ನ ವಾದ. ಯಂತ್ರ ಸೋತದ್ದು ಗಿರಾಕಿಯ ಅಜ್ಞಾನದಿಂದಲ್ಲ, ನಾಣ್ಯದ ಚಂಚಲತೆಯಿಂದ. ಯಂತ್ರ ನಂಬುವುದು ನಾಣ್ಯದ ಗಾತ್ರವನ್ನು, ಗೂಡಂಗಡಿಯಾತ ನಂಬುವುದು ಎದುರಿಗೆ ನಿಂತವನನ್ನು. ನಮ್ಮಲ್ಲಿ ಗಾತ್ರ ಪದೇಪದೇ ಬದಲಾಯಿತು, ಎದುರಿಗೆ ನಿಲ್ಲುವವನು ಬದಲಾಗಲಿಲ್ಲ.

ಹಿಂದುಳಿದಿರುವಿಕೆಯ ಮಾತು ಭದ್ರಾವತಿಯ ಮಟ್ಟಿಗಂತೂ ನಿಲ್ಲುವುದಿಲ್ಲ. ಬೆಂಕಿಪುರ ಎನಿಸಿಕೊಂಡಿದ್ದ ಈ ಊರಿನಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿದ್ದು 1923ರಲ್ಲಿ, ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ. ಮಲೆನಾಡಿನ ಕಾಡಿನ ಇದ್ದಿಲಿನಿಂದ ಕಬ್ಬಿಣ ಕರಗಿಸಿದ ಕುಲುಮೆ ಅದು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯೂ ಇಲ್ಲೇ ಸ್ಥಾಪನೆಯಾಯಿತು, 1980ರ ದಶಕದಲ್ಲಿ ಅದಕ್ಕೆ ಸಕ್ಕರೆ ಘಟಕವೂ ಸೇರಿತು. ಯಂತ್ರಕ್ಕೆ ಬೇಕಾದ ಕಬ್ಬಿಣ, ಮಿಠಾಯಿಗೆ ಬೇಕಾದ ಸಕ್ಕರೆ, ಸುತ್ತಲು ಬೇಕಾದ ಕಾಗದ ಮೂರೂ ಒಂದೇ ಊರಿನಲ್ಲಿ ತಯಾರಾಗುತ್ತಿದ್ದವು. ಲೇತು ನಡೆಸುವವರು, ಅಚ್ಚು ಹೊಯ್ಯುವವರು, ಫಿಟ್ಟರುಗಳು ಕೇರಿಕೇರಿಯಲ್ಲಿದ್ದರು. ಮಿಠಾಯಿ ಯಂತ್ರದೊಳಗೆ ಇರುವುದು ಒಂದು ನಾಣ್ಯದ ಚಕ್ರ, ಅದನ್ನು ಹಿಂದಕ್ಕೆ ತಿರುಗಗೊಡದ ಕೊಕ್ಕೆ, ಮಿಠಾಯಿಯನ್ನು ಅಳೆದು ಬಿಡುವ ಗುಳಿಗಳ ತಟ್ಟೆ ಮತ್ತು ಒಂದೆರಡು ಸ್ಪ್ರಿಂಗು, ಅಷ್ಟೆ. ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವನಿಗೆ ಇದು ಅರ್ಥವಾಗದ ವಿದ್ಯೆಯಲ್ಲ. ಸಂಬಳದ ಹಣವೂ ಊರಿನಲ್ಲಿ ಓಡಾಡುತ್ತಿತ್ತು. ಹಾಗಿದ್ದೂ ಯಂತ್ರ ನೆಲೆಯೂರಲಿಲ್ಲವೆಂದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಹುಡುಕಬೇಕಾದದ್ದು ಮಗುವಿನ ಅಂಗೈಯಲ್ಲಿದ್ದ ಚಿಲ್ಲರೆಯಲ್ಲಿ.

ಆ ಚಕ್ರದಲ್ಲಿ ನಾಣ್ಯ ಕೂರುವಷ್ಟು ಒಂದು ಗುಂಡನೆಯ ಕುಳಿ ಇರುತ್ತದೆ. ಸರಿಯಾದ ಅಗಲ, ಸರಿಯಾದ ದಪ್ಪದ ನಾಣ್ಯ ಬಿದ್ದರೆ ಅದೇ ಕೊಕ್ಕೆಯನ್ನು ಎತ್ತಿಹಿಡಿದು ಹಿಡಿಯನ್ನು ತಿರುಗಗೊಡುತ್ತದೆ. ಆದ್ದರಿಂದ ಇಂಥ ಯಂತ್ರಕ್ಕೆ ತಲೆಮಾರುಗಟ್ಟಲೆ ಒಂದೇ ಅಳತೆಯಲ್ಲಿ ಉಳಿಯುವ, ಅಗ್ಗದ, ಗುಂಡನೆಯ ನಾಣ್ಯ ಬೇಕು. ಅಮೆರಿಕದ ಒಂದು ಸೆಂಟಿನ ನಾಣ್ಯ ಅಂಥದ್ದಾಗಿತ್ತು. ನಮ್ಮಲ್ಲಿ ನಡೆದದ್ದು ನೇರ ವಿರುದ್ಧ. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆಯ ಲೆಕ್ಕ ಹೋಗಿ ನೂರು ಹೊಸ ಪೈಸೆಯ ಲೆಕ್ಕ ಬಂತು. ಒಂದಾಣೆ ಎಂದರೆ ಲೆಕ್ಕದಲ್ಲಿ ಆರೂಕಾಲು ಪೈಸೆ, ಆದರೆ ಕಾಲು ಪೈಸೆಯ ನಾಣ್ಯವೇ ಇರಲಿಲ್ಲ. ಆದ್ದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಸರ್ಕಾರವೇ ಪಟ್ಟಿ ಮಾಡಿಕೊಟ್ಟಿತು. ಹಳೆಯದೂ ಹೊಸದೂ ಒಟ್ಟಿಗೆ ಓಡುತ್ತಿದ್ದ ಆ ವರ್ಷಗಳಲ್ಲಿ ಒಡೆದ ಕಾಲು ಪೈಸೆಯನ್ನು ಬಾಯಿಮಾತಿನಲ್ಲಿ ಬಗೆಹರಿಸಬಲ್ಲವನು ಅಂಗಡಿಯಾತ ಮಾತ್ರ. ಮುಂದೆ ಬಂದ ನಾಣ್ಯಗಳ ಆಕಾರವನ್ನೂ ನೋಡಿ: ಐದು ಪೈಸೆ ಚೌಕ, ಎರಡು ಪೈಸೆ ಮತ್ತು ಹತ್ತು ಪೈಸೆಯ ಅಂಚು ಹೂವಿನೆಸಳು, 1964ರಲ್ಲಿ ಬಂದ ಮೂರು ಪೈಸೆ ಆರು ಮೂಲೆಯದು. ಒಂದು ಪೈಸೆಯೂ ಅಲ್ಯೂಮಿನಿಯಮ್ಮಿಗೆ ಇಳಿದು ಚೌಕವಾದಾಗ ಅದರ ತೂಕ ಮುಕ್ಕಾಲು ಗ್ರಾಮಿಗೆ ಬಂದಿತ್ತು. ಕಣ್ಣು ಕಾಣದವರು, ಓದಲು ಬಾರದವರು ಮುಟ್ಟಿಯೇ ಗುರುತಿಸಲು ಈ ಆಕಾರಗಳು ಅನುಕೂಲವಾಗಿದ್ದವು. ಗುಂಡನೆಯ ಕುಳಿಯ ಚಕ್ರಕ್ಕೆ ಮಾತ್ರ ಇವು ಶತ್ರುಗಳು. ಮಕ್ಕಳು ಪೆಪ್ಪರಮೆಂಟಿಗೆ ಹಿಡಿದು ಬರುತ್ತಿದ್ದ ಚಿಲ್ಲರೆ ಬಹುಪಾಲು ಇಂಥದ್ದೇ.

ಚಿಲ್ಲರೆ ಪೈಸೆಗಳ ಕಾಲ ಮುಗಿದು ರೂಪಾಯಿ ನಾಣ್ಯಗಳ ಕಾಲ ಬಂದ ಮೇಲಾದರೂ ಯಂತ್ರಕ್ಕೆ ನೆಲೆ ಸಿಗಬೇಕಿತ್ತು. 2011ರ ಜೂನ್ 30ರಿಂದ ನಾಲ್ಕಾಣೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ಕಾನೂನುಬದ್ಧವಾಗಿಯೇ ನಿಂತಿತು. ಅದೇ ವರ್ಷ ರೂಪಾಯಿ ಚಿಹ್ನೆಯ ಹೊಸ ನಾಣ್ಯಗಳು ಬಂದವು. ಇಲ್ಲಿರುವ ಪುರಾವೆ ನನ್ನ ವಾದಕ್ಕೆ ಎಲ್ಲಕ್ಕಿಂತ ಬಲವಾದದ್ದು. 1992ರಿಂದ ಟಂಕಿಸಿದ ಸ್ಟೀಲಿನ ಒಂದು ರೂಪಾಯಿಯ ಅಡ್ಡಳತೆ 25 ಮಿಲಿಮೀಟರ್. 2011ರ ಸರಣಿಯಲ್ಲಿ ಒಂದು ರೂಪಾಯಿ 22ಕ್ಕೆ ಕುಗ್ಗಿತು, 25 ಮಿಲಿಮೀಟರಿನ ಜಾಗಕ್ಕೆ ಎರಡು ರೂಪಾಯಿ ಬಂದು ಕೂತಿತು. 2019ರ ಸರಣಿಯಲ್ಲಿ ಅದೇ 25 ಮಿಲಿಮೀಟರ್ ಐದು ರೂಪಾಯಿಯದಾಯಿತು. ಒಂದೇ ಅಗಲಕ್ಕೆ ಮೂವತ್ತು ವರ್ಷದೊಳಗೆ ಮೂರು ಬೆಲೆ. ಹಳೆಯ ರೂಪಾಯಿಗೆಂದು ಮಾಡಿದ ಚಕ್ರಕ್ಕೆ ಹೊಸ ರೂಪಾಯಿ ಹಾಕಿದರೆ ಅದು ಸಡಿಲವಾಗುತ್ತದೆ. ಎರಡು ರೂಪಾಯಿ ಹಾಕಿದ ಮಗುವಿಗೆ ಸಿಗುವುದು ಒಂದು ರೂಪಾಯಿಯ ಮಾಲು. ಇದರ ಮೇಲೆ ಹತ್ತು ರೂಪಾಯಿ ನಾಣ್ಯದ ಕಥೆ ಬೇರೆ. ನಕಲಿಯೆಂಬ ಪುಕಾರು ಹಬ್ಬಿ ರಾಜ್ಯದ ಅನೇಕ ಕಡೆ ಅಂಗಡಿಗಳೂ ಬಸ್ಸುಗಳೂ ಅದನ್ನು ತೆಗೆದುಕೊಳ್ಳಲು ಒಪ್ಪದಾದವು. ಹದಿನಾಲ್ಕು ವಿನ್ಯಾಸಗಳೂ ಅಸಲಿಯೇ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಬೇಕಾಯಿತು. ಜನರೇ ಕಿಸೆಯಲ್ಲಿ ಇಟ್ಟುಕೊಳ್ಳದ ನಾಣ್ಯವನ್ನು ನಂಬಿ ಯಾವ ಯಂತ್ರ ಬದುಕೀತು?

ಗೂಡಂಗಡಿ ಈ ಎಲ್ಲ ಬದಲಾವಣೆಗಳನ್ನೂ ಒಂದು ಸ್ಕ್ರೂ ಬಿಚ್ಚದೆ ದಾಟಿತು. ಬೆಲೆ ಏರಿದಾಗ ಆತ ಎರಡರ ಬದಲು ಒಂದು ಪೆಪ್ಪರಮೆಂಟು ಕೊಟ್ಟ. ಶುಂಠಿ ಪೆಪ್ಪರಮೆಂಟು, ನಿಂಬೆಹುಳಿ, ಕಡಲೆಮಿಠಾಯಿಗಳನ್ನು ಬೇರೆಬೇರೆ ಭರಣಿಯಲ್ಲಿಟ್ಟು ಬೇಕಾದ್ದನ್ನು ಬೇಕಾದಷ್ಟು ಎಣಿಸಿಕೊಟ್ಟ. ಕಾರ್ಖಾನೆ ಊರಿನಲ್ಲಿ ಕೈಯಲ್ಲಿ ಕಾಸು ಆಡುವುದು ಸಂಬಳದ ಆಸುಪಾಸಿನಲ್ಲಿ, ತಿಂಗಳ ಕೊನೆಗೆ ನಡೆಯುವುದು ಉದ್ರಿ ವ್ಯಾಪಾರ. ಆಗ ಬೀಡಿ, ಬೆಂಕಿಪೆಟ್ಟಿಗೆಯ ಜೊತೆಗೆ ಮಗುವಿನ ಮಿಠಾಯಿಯೂ ಲೆಕ್ಕದ ಪುಸ್ತಕಕ್ಕೆ ಹೋಯಿತು. ಯಂತ್ರಕ್ಕೆ ಉದ್ರಿ ತಿಳಿಯದು. ಹವಾಮಾನವೂ ಅಂಗಡಿಯಾತನ ಪರವಾಗಿತ್ತು. ಸಕ್ಕರೆಯ ಮಿಠಾಯಿ ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಬಿಡಿ ಮಿಠಾಯಿ ಒಂದಕ್ಕೊಂದು ಅಂಟಿಕೊಂಡು ಗಡ್ಡೆಕಟ್ಟುತ್ತದೆ. ಮುಚ್ಚಳ ಬಿಗಿದ ಭರಣಿಯಲ್ಲಿ ಹಾಗಾದರೆ ಒಂದು ಏಟು ಕೊಟ್ಟು ಬಿಡಿಸಬಹುದು. ಯಂತ್ರದ ತಟ್ಟೆಯ ಗುಳಿಯಲ್ಲಿ ಹಾಗಾದರೆ ನಾಣ್ಯ ಒಳಗೆ ಹೋಗುತ್ತದೆ, ಮಿಠಾಯಿ ಹೊರಗೆ ಬರುವುದಿಲ್ಲ.

ಇದಕ್ಕೆ ಆಕ್ಷೇಪಗಳಿವೆ. ಮೊದಲನೆಯದು: ನಾಣ್ಯವೇ ಕಾರಣವಾಗಿದ್ದರೆ ರೈಲು ನಿಲ್ದಾಣಗಳ ತೂಕದ ಯಂತ್ರ ಹೇಗೆ ನಡೆಯಿತು? ಒಂದು ಮುಖದಲ್ಲಿ ತೂಕ, ಇನ್ನೊಂದರಲ್ಲಿ ಭವಿಷ್ಯ ಅಚ್ಚಾದ ರಟ್ಟಿನ ಚೀಟಿ ಉದುರಿಸುತ್ತಿದ್ದ ಆ ದೀಪಾಲಂಕಾರದ ಪೆಟ್ಟಿಗೆಗಳು ದಶಕಗಟ್ಟಲೆ ಬಾಳಿದ್ದು ನಿಜ. ಆದರೆ ಅವು ಮಾರುತ್ತಿದ್ದದ್ದು ಕೊಳೆಯದ, ಅಂಟದ ಚೀಟಿಯನ್ನು. ನಿಂತಿದ್ದದ್ದು ರೈಲ್ವೆಯ ಕಾವಲಿನಲ್ಲಿ. ಗಿರಾಕಿಯೂ ಗಾಡಿಗಾಗಿ ಕಾಯುತ್ತ ಹೊತ್ತು ಕಳೆಯಬೇಕಾದವನು. ಎರಡನೆಯ ಉದಾಹರಣೆ ಇನ್ನೂ ಗಟ್ಟಿಯಾದದ್ದು: ಮೊಬೈಲು ಎಲ್ಲರ ಕೈಗೆ ಬರುವ ಮೊದಲು ಊರೂರಿನ ಅಂಗಡಿಗಳಲ್ಲಿ ತಲೆಯೆತ್ತಿದ ಒಂದು ರೂಪಾಯಿಯ ಕಾಯಿನ್ ಬಾಕ್ಸ್ ಫೋನು. ಇದು ಪಕ್ಕಾ ನಾಣ್ಯದ ಯಂತ್ರ, ಚೆನ್ನಾಗಿಯೇ ನಡೆಯಿತು. ಆದರೆ ಅದು ಅಂಗಡಿಗೆ ಬದಲಾಗಿ ಬಂದದ್ದಲ್ಲ, ಅಂಗಡಿಯ ಹಲಗೆಯ ಮೇಲೆಯೇ ಕೂತಿತ್ತು. ನೋಟಿಗೆ ಚಿಲ್ಲರೆ ಕೊಡಲು, ಸಿಕ್ಕಿಕೊಂಡ ನಾಣ್ಯ ಬಿಡಿಸಲು, ಕಳ್ಳರಿಂದ ಕಾಯಲು ಅಂಗಡಿಯಾತ ಪಕ್ಕದಲ್ಲೇ ಇದ್ದ. ಹೀಗಾಗಿ ಇದು ನನ್ನ ವಾದವನ್ನು ಮುರಿಯುವುದಿಲ್ಲ, ತಿದ್ದುತ್ತದೆ: ನಮ್ಮಲ್ಲಿ ನಾಣ್ಯದ ಯಂತ್ರ ಸೋತದ್ದು ಒಂಟಿಯಾಗಿ ನಿಂತಾಗ.

ಇನ್ನೊಂದು ಆಕ್ಷೇಪ ಕೂಲಿಯದು. ಪಶ್ಚಿಮದಲ್ಲಿ ಸಂಬಳ ದುಬಾರಿ, ಅಲ್ಲಿ ಯಂತ್ರ ಲಾಭ. ಇಲ್ಲಿ ಆಳು ಅಗ್ಗ, ಆದ್ದರಿಂದ ನಷ್ಟ ಎನ್ನುವರು. ಇದರಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಗೂಡಂಗಡಿಯಲ್ಲಿ ಸಂಬಳದ ಆಳೇ ಇರುವುದಿಲ್ಲ, ಗಂಡ ಊಟಕ್ಕೆ ಹೋದರೆ ಹೆಂಡತಿ ಕೂರುತ್ತಾಳೆ. ಉಳಿಸಬೇಕಾದ ಸಂಬಳವೇ ಇಲ್ಲದಲ್ಲಿ ಯಂತ್ರ ಉಳಿಸುವುದಾದರೂ ಏನನ್ನು? ಮೂರನೆಯ ಆಕ್ಷೇಪ ನೈತಿಕವಾದದ್ದು: ಗೂಡಂಗಡಿಯ ನಂಬಿಕೆಯನ್ನು ಇಷ್ಟು ಹೊಗಳುವುದು ಸರಿಯೇ? ಚಿಲ್ಲರೆಯಿಲ್ಲವೆಂದು ಬೇಡದ ಪೆಪ್ಪರಮೆಂಟು ಕೈಗಿಡುತ್ತಿದ್ದವರೂ ಅವರೇ ಅಲ್ಲವೇ? ಹೌದು, ಅದು ಒತ್ತಾಯದ ಮಾರಾಟ. ನಂಬಿಕೆಯ ವ್ಯಾಪಾರದಲ್ಲಿ ಬಲವಂತನ ಕೈ ಮೇಲಾಗುವುದು ಈ ಜಿಲ್ಲೆಗೆ ಗೊತ್ತಿಲ್ಲದ್ದೇನಲ್ಲ. ಮಂಡಿಯ ವರ್ತಕರ ಹಿಡಿತದಿಂದ ಬಿಡಿಸಿಕೊಳ್ಳಲೆಂದೇ ಅಡಿಕೆ ಬೆಳೆಗಾರರು 1939ರಲ್ಲಿ ಮ್ಯಾಮ್ಕೋಸ್ ಸಹಕಾರ ಸಂಘ ಕಟ್ಟಿಕೊಂಡರು. ಆದರೆ ಚಿಲ್ಲರೆಯ ಅನ್ಯಾಯಕ್ಕೆ ಮಿಠಾಯಿ ಯಂತ್ರ ಮದ್ದಾಗುತ್ತಿರಲಿಲ್ಲ. ಅದೂ ಚಿಲ್ಲರೆ ಹಿಂದಿರುಗಿಸುವುದಿಲ್ಲ, ಅದರ ಜೊತೆ ಜಗಳವಾಡಲೂ ಆಗದು.

ಇಂದು ಶಿವಮೊಗ್ಗದ ಬೇಕರಿಯವರೋ ಭದ್ರಾವತಿಯ ಸ್ಟೇಷನರಿ ಅಂಗಡಿಯವರೋ ಮಿಠಾಯಿ ಯಂತ್ರ ಕೊಳ್ಳಲು ಹೊರಟರೆ ಈ ಇತಿಹಾಸ ಅವರಿಗೆ ಒಳ್ಳೆಯ ಅಳತೆಗೋಲು. ಹೊಳೆಯುವ ಬುರುಡೆಗಿಂತ ಮೊದಲು ನಾಣ್ಯದ ಚಕ್ರವನ್ನು ನೋಡಬೇಕು: ಬೇರೆ ನಾಣ್ಯಕ್ಕೆ ಅದನ್ನಷ್ಟೇ ಬಿಚ್ಚಿ ಬದಲಿಸಬಹುದೇ, ಬಿಡಿಭಾಗ ಸಿಗುತ್ತದೆಯೇ, ಊರಿನ ಲೇತಿನಲ್ಲಿ ಮಾಡಿಸಬಹುದೇ ಎಂದು ಕೇಳಬೇಕು. ಒಳಗಿನ ಹಲ್ಲುಗಳು ಪ್ಲಾಸ್ಟಿಕ್ಕಿನವಾದರೆ ಬೇಗ ಸವೆಯುತ್ತವೆ. ಮಳೆಗಾಲ ತಡೆಯುವ ಬಿಗಿ ಮುಚ್ಚಳವಿರಬೇಕು, ತಟ್ಟೆ ಕಳಚಿ ತೊಳೆಯುವಂತಿರಬೇಕು. ಬಿಡಿ ಮಿಠಾಯಿಗಿಂತ ಕಾಗದ ಸುತ್ತಿದ್ದನ್ನು ಅಥವಾ ಡಬ್ಬಿಯಲ್ಲಿ ಬರುವುದನ್ನು ಬಿಡುವ ಯಂತ್ರ ಈ ಹವೆಗೆ ಲೇಸು. ಇನ್ನು 2016ರಲ್ಲಿ ಬಂದ ಯುಪಿಐ ನಾಣ್ಯದ ಅಳತೆಯ ತೊಡಕನ್ನೇ ಕಳಚಿಹಾಕಿದೆಯಲ್ಲ ಎನ್ನಬಹುದು. ಅಷ್ಟರ ಮಟ್ಟಿಗೆ ನಿಜ. ಆದರೆ ಮಿಠಾಯಿಯ ಮುಖ್ಯ ಗಿರಾಕಿಯಾದ ಮಗುವಿನ ಕೈಯಲ್ಲಿ ಫೋನಿಲ್ಲ. ಹಣ ಕಡಿತವಾಗಿ ಮಾಲು ಬೀಳದಿದ್ದರೆ ಉತ್ತರ ಹೇಳಲು ಒಬ್ಬರು ಬೇಕೇಬೇಕು. ಆದ್ದರಿಂದ ಯಂತ್ರವನ್ನು ಜನರಿಲ್ಲದ ಮೂಲೆಯಲ್ಲಿ ನಿಲ್ಲಿಸಿ ಮರೆಯುವ ಲೆಕ್ಕ ಹಾಕುವವರು ನಷ್ಟಕ್ಕೆ ಸಿದ್ಧರಾಗಬೇಕು. ಗಲ್ಲಾಪೆಟ್ಟಿಗೆಯಿಂದ ಕೈಗೆಟುಕುವಷ್ಟು ಹತ್ತಿರ ಇಟ್ಟುಕೊಳ್ಳುವವರಿಗೆ ಅದು ಅಂಗಡಿಯ ಇನ್ನೊಂದು ಭರಣಿಯಾಗಿ ನಾಲ್ಕು ಕಾಸು ತಂದುಕೊಟ್ಟೀತು.