ವೈದ್ಯರ ಮುಖರಕ್ಷೆಯ ಕಥೆ

ಅಂಕೋಲೆಯ ಸೀಮೆಯಲ್ಲಿ ಅಡಿಕೆ ಹಾಳೆಯ ಟೊಪ್ಪಿಯನ್ನು ಕಾಣದವರು ವಿರಳ. ಅದು ಹಗುರ; ತಲೆಗೆ ಒಗ್ಗುತ್ತದೆ; ಹಾಳಾದರೆ ಎಸೆದು ಹೊಸದೊಂದನ್ನು ಮಾಡಿಕೊಳ್ಳಬಹುದು. ತಲೆಯ ಮೇಲಿನ ರಕ್ಷೆಯು ಕೈಯ ಕೆಲಸಕ್ಕೆ ಅಡ್ಡಿಯಾಗಬಾರದೆಂಬುದು ನಮ್ಮ ರೈತನಿಗೆ ಎಂದಿನಿಂದಲೂ ಗೊತ್ತು. ವೈದ್ಯಶಾಸ್ತ್ರವು ಈ ಪಾಠವನ್ನು ಕಲಿತದ್ದು ಬಹಳ ತಡವಾಗಿ, ಅದೂ ಜೀವಗಳನ್ನು ತೆತ್ತು.

ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಪ್ಲೇಗಿನ ವೈದ್ಯರು ಹಕ್ಕಿಯ ಕೊಕ್ಕಿನಂಥ ಮುಖವಾಡ ಧರಿಸುತ್ತಿದ್ದರಂತೆ. ಕೊಕ್ಕಿನಲ್ಲಿ ಸುಗಂಧದ ವಸ್ತುಗಳು, ಕಣ್ಣಿಗೆ ಗಾಜು. ದುರ್ಗಂಧದಿಂದಲೇ ರೋಗ ಹುಟ್ಟುತ್ತದೆಂಬ ನಂಬಿಕೆ ಅಂದಿನದು. ಮಾತನಾಡುವಾಗ ಬಾಯಿಂದ ಸಿಡಿಯುವ ಸಣ್ಣ ಹನಿಗಳಲ್ಲಿ ರೋಗಾಣುಗಳಿರುತ್ತವೆಂದು ಬ್ರೆಸ್ಲಾವಿನ ಕಾರ್ಲ್ ಫ್ಲೂಗೆ ತೋರಿಸಿದ ಮೇಲೆ, ಅದೇ ಊರಿನ ಶಸ್ತ್ರವೈದ್ಯ ಮಿಕುಲಿಚ್ 1897ರಲ್ಲಿ ಬಾಯಿಗೆ ಜಾಳುಬಟ್ಟೆ ಕಟ್ಟಿಕೊಂಡು ಶಸ್ತ್ರಕ್ರಿಯೆ ನಡೆಸತೊಡಗಿದರು. ಅದು ವೈದ್ಯನಿಂದ ರೋಗಿಯನ್ನು ಕಾಪಾಡುವ ಬಟ್ಟೆ. ರೋಗಿಯಿಂದ ವೈದ್ಯನನ್ನು ಕಾಪಾಡುವ ಬಟ್ಟೆ ಬಂದದ್ದು ಅನಂತರ.

1910ರ ಚಳಿಗಾಲದಲ್ಲಿ ಮಂಚೂರಿಯದಲ್ಲಿ ಶ್ವಾಸಕೋಶದ ಪ್ಲೇಗು ಎದ್ದಿತು. ಪೆನಾಂಗಿನಲ್ಲಿ ಹುಟ್ಟಿದ ವೈದ್ಯ ವೂ ಲಿಯೆನ್-ತೆ ಹಾರ್ಬಿನ್ ನಗರಕ್ಕೆ ಹೋಗಿ, ಈ ರೋಗ ಉಸಿರಿನಿಂದಲೇ ಹರಡುತ್ತದೆಂದು ಸಾರಿದರು. ಜಾಳುಬಟ್ಟೆಯ ನಡುವೆ ಹತ್ತಿಯಿಟ್ಟ, ತಲೆಯ ಹಿಂದೆ ಕಟ್ಟುವ ಮುಖಪಟ್ಟಿಯನ್ನು ಎಲ್ಲರೂ ಧರಿಸಬೇಕೆಂದರು. ಫ್ರೆಂಚ್ ವೈದ್ಯ ಮೆನಿ ಇದನ್ನೊಪ್ಪದೆ ಬರಿಯ ಮುಖದಲ್ಲಿ ರೋಗಿಗಳ ಬಳಿಗೆ ಹೋದರು. 1911ರ ಜನವರಿಯಲ್ಲಿ ಅದೇ ರೋಗದಿಂದ ತೀರಿಕೊಂಡರು. ಆ ಮರಣದ ಬಳಿಕ ಮುಖಪಟ್ಟಿಯನ್ನು ನಕ್ಕು ತಳ್ಳುವವರು ಕಡಿಮೆಯಾದರು.

ನಮ್ಮ ಸೀಮೆಗೂ ಇಂಥ ಭಯ ಹೊಸದಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉತ್ತರ ಕನ್ನಡದ ಕಾಡಂಚಿನ ಊರುಗಳನ್ನೂ ಕಾಡಿದೆ. ಅದನ್ನು ಹರಡುವುದು ಉಣುಗು. ಮನುಷ್ಯನಿಂದ ಮನುಷ್ಯನಿಗೆ ಅದು ಅಂಟುವುದಿಲ್ಲ. ಆದರೂ ಪ್ರಯೋಗಾಲಯದಲ್ಲಿ ಆ ವೈರಾಣುವಿನ ಅಭ್ಯಾಸ ನಡೆಸಿದವರಿಗೆ ಸೋಂಕು ತಗುಲಿದ್ದುಂಟು. ಮುಂದೆ 2020ರ ಮಾರ್ಚ್ ಕೊನೆಯಲ್ಲಿ ಭಟ್ಕಳದಲ್ಲಿ ಕೊರೋನಾ ಕಾಣಿಸಿಕೊಂಡಾಗ, ರೋಗಿಗಳನ್ನು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಗೆ ಒಯ್ದರು. ಸೈನಿಕರಿಗಾಗಿ ಕಟ್ಟಿದ ಆಸ್ಪತ್ರೆ ನಾಗರಿಕರಿಗೆ ಬಾಗಿಲು ತೆರೆಯಿತು. ಅಲ್ಲಿ ಶುಶ್ರೂಷೆ ಮಾಡಿದವರು ಅಡಿಯಿಂದ ಮುಡಿಯವರೆಗೆ ಕವಚ ತೊಟ್ಟಿದ್ದರು.

ಏಪ್ರಿಲ್, ಮೇ ತಿಂಗಳಿನ ಕರಾವಳಿಯ ಸೆಕೆಯನ್ನು ಓದುಗರಿಗೆ ಹೇಳಬೇಕಾದ್ದಿಲ್ಲ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಗಾಳಿಯಾಡದ ಟೊಪ್ಪಿಯೊಳಗೆ ಇದು ಇಮ್ಮಡಿ. ಉಸಿರಿನ ಬಿಸಿ ತೇವ ಮುಂದಿನ ಪಾರದರ್ಶಕ ಹಾಳೆಗೆ ತಗುಲಿ ಮಂಜಾಗುತ್ತದೆ. ದಾದಿಗೆ ರೋಗಿಯ ರಕ್ತನಾಳ ಕಾಣದು. ಹಣೆಯ ಪಟ್ಟಿ ಒತ್ತಿ ತಲೆನೋವು ಬರುತ್ತದೆ. ಆಗ ಕೈ ತಾನಾಗಿ ಮುಖದತ್ತ ಹೋಗುತ್ತದೆ. ಅಪಾಯವಿರುವುದು ಅಲ್ಲಿಯೇ: ರೋಗಿಯನ್ನು ಮುಟ್ಟಿದ ಕೈಗವಸು ಕಣ್ಣಿನ ಬಳಿಗೆ ಬಂದರೆ ಕವಚವೆಲ್ಲ ವ್ಯರ್ಥ. ಆದುದರಿಂದ ಇಲ್ಲಿ ಆರಾಮವೆಂಬುದು ಭೋಗವಲ್ಲ, ರಕ್ಷಣೆಯ ಒಂದು ಅಂಗ.

2014ರಲ್ಲಿ ಪಶ್ಚಿಮ ಆಫ್ರಿಕದ ಎಬೋಲಾ ಹಾವಳಿಯಲ್ಲಿ ಜಗತ್ತು ಇದನ್ನು ಚೆನ್ನಾಗಿ ಕಂಡಿತು. ಅಲ್ಲಿನ ಸೆಕೆಯಲ್ಲಿ ಕವಚ ತೊಟ್ಟು ಹೆಚ್ಚು ಹೊತ್ತು ನಿಲ್ಲುವುದೇ ದುಸ್ತರವಾಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರು ಆಗ ಹೊಸ ಮಾದರಿಯೊಂದನ್ನು ರೂಪಿಸಿದರು: ತಲೆಗವಚಕ್ಕೇ ಕೂಡಿಸಿದ ದೊಡ್ಡ ಪಾರದರ್ಶಕ ಮುಖಪರದೆ, ಒಳಗೆ ಒಣಗಾಳಿಯ ಏರ್ಪಾಟು, ಸುಲಭವಾಗಿ ಕಳಚುವ ಉಪಾಯ. ಕಳಚುವಾಗಲೇ ಸೋಂಕಿನ ಭಯ ಹೆಚ್ಚೆಂಬುದನ್ನು ಅವರು ಮರೆಯಲಿಲ್ಲ. ನಮ್ಮ ನೌಕಾಪಡೆಯೂ 2020ರಲ್ಲಿ ಮುಂಬಯಿಯ ತನ್ನ ವೈದ್ಯಕೀಯ ಸಂಸ್ಥೆಯಲ್ಲಿ ‘ನವರಕ್ಷಕ್’ ಎಂಬ ಕವಚವನ್ನು ರೂಪಿಸಿತು. ಗಾಳಿಯಾಡುವ ಬಟ್ಟೆಯೇ ಅದರ ವಿಶೇಷ.

ಮುಖಪರದೆಯೊಂದೇ ಸಾಲದೆಂಬುದನ್ನೂ ನೆನಪಿಡಬೇಕು. ಅದು ಎದುರಿನಿಂದ ಸಿಡಿಯುವ ಹನಿಯನ್ನು ತಡೆದೀತು. ಬದಿಗಳಿಂದ ನುಸುಳುವ ಗಾಳಿಯನ್ನು ಸೋಸದು. ಒಳಗೆ ಮುಖಪಟ್ಟಿ ಇರಲೇಬೇಕು. ಪರದೆ ಗದ್ದದ ಕೆಳಗಿನವರೆಗೆ ಇಳಿದಿರಬೇಕು, ಕಿವಿಯವರೆಗೆ ಬಳಸಿರಬೇಕು. ಮತ್ತೆ ಬಳಸುವುದಾದರೆ ಕ್ರಿಮಿನಾಶಕಕ್ಕೆ ಮಸುಕಾಗದಂಥದಾಗಿರಬೇಕು. ಹಣೆಗೆ ಮೆತ್ತಗಿರಲೆಂದು ಸ್ಪಂಜು ಇಟ್ಟರೆ ಅದು ಬೆವರನ್ನು ಕುಡಿದು ಶುದ್ಧಿಗೆ ಒಗ್ಗದು, ಅಂಥದನ್ನು ಎಸೆಯಬೇಕಾಗುತ್ತದೆ. ಮೆತ್ತಗೂ ಇರಬೇಕು, ಶುದ್ಧವೂ ಇರಬೇಕು. ಈ ಎರಡನ್ನೂ ಕೂಡಿಸುವುದೇ ಕಷ್ಟ.

ಇನ್ನೊಂದು ಮಾತುಂಟು. ಮನೆಯವರು ಹತ್ತಿರ ಬರಲಾಗದ ವಾರ್ಡಿನಲ್ಲಿ ಮಲಗಿದ ರೋಗಿಗೆ ಕಾಣುವುದು ಆರೈಕೆ ಮಾಡುವವರ ಕಣ್ಣುಗಳಷ್ಟೆ. ಮಂಜು ಕಟ್ಟಿದ ಪರದೆ ಅದನ್ನೂ ಮರೆಸುತ್ತದೆ. ದೂರದ ಚಳಿನಾಡಿನ ಅಳತೆಗೆ ಹೊಲಿದ ಕವಚವನ್ನು ನಮ್ಮ ದಾದಿಯರಿಗೆ ತೊಡಿಸಿ ತಾಳ್ಮೆಯನ್ನು ಬೋಧಿಸುವುದು ನ್ಯಾಯವಲ್ಲ. ಕರಾವಳಿಯ ಸೆಕೆಯಲ್ಲಿ ಪರೀಕ್ಷಿಸಿದ, ತೊಡುವವರ ಮಾತು ಕೇಳಿ ತಿದ್ದಿದ ಕವಚವನ್ನು ಮುಂದಿನ ಪಿಡುಗು ಬರುವ ಮೊದಲೇ ಸಿದ್ಧಪಡಿಸಿಕೊಳ್ಳುವುದು ನಮ್ಮ ಹೊಣೆ. ನಮ್ಮನ್ನು ಕಾಯುವವರನ್ನು ಕಾಯುವ ಕೆಲಸ ಅದು.