ಉಸ್ಮಾನಿಯಾದ ಹೊಸ್ತಿಲು

ಇಂಗ್ಲಿಷ್ ಬಾರದ ಹುಡುಗನಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯದು ಎಂಬುದು ಬ್ರಿಟಿಷ್ ಇಂಡಿಯಾದ ರೂಢಿ. ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1917ರಲ್ಲಿ ಫರ್ಮಾನು ಹೊರಡಿಸಿ, ಉರ್ದುವಿನಲ್ಲೇ ಪಾಠ ಹೇಳುವ ವಿಶ್ವವಿದ್ಯಾಲಯಕ್ಕೆ ಒಪ್ಪಿಗೆ ಕೊಟ್ಟರು. ಹುಡುಗನನ್ನು ತಿದ್ದುವ ಬದಲು ಪಾಠವನ್ನೇ ಬದಲಿಸಿದಂತಾಯಿತು. ಅದೇ ವರ್ಷ ದಾರುತ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಶುರುವಾಯಿತು. ವಿಜ್ಞಾನ, ಗಣಿತ, ಇತಿಹಾಸದ ಪುಸ್ತಕಗಳು ಉರ್ದುವಿಗೆ ಬಂದವು. ಇಲ್ಲದ ಪಾರಿಭಾಷಿಕ ಪದಗಳನ್ನು ವಿದ್ವಾಂಸರು ಕೂತು ಕಟ್ಟಿದರು. 1919ರಲ್ಲಿ ತರಗತಿ ಆರಂಭ. ಇಂಗ್ಲಿಷೂ ಉಳಿಯಿತು, ಒಂದು ಕಡ್ಡಾಯ ವಿಷಯವಾಗಿ. ಹಿಂದೆ ಬಿದ್ದವರಿಗೆ ಸಂಜೆ ಹೊತ್ತು ಹೆಚ್ಚುವರಿ ಪಾಠ ಹೇಳುವುದಕ್ಕಿಂತ ಇದು ದೊಡ್ಡ ನೆರವೇ.

ಆದರೆ ಯಾರಿಗೆ? ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಬೀದರ, ಗುಲಬರ್ಗಾ, ರಾಯಚೂರಿನ ಕನ್ನಡ ಹುಡುಗನಿಗೆ ಉರ್ದುವೂ ಕಲಿತೇ ಬರಬೇಕಾದ ಭಾಷೆ. ತರ್ಜುಮೆಯ ಅಷ್ಟೆಲ್ಲ ದುಡಿಮೆ ಅವನ ಮಾತಿನ ತನಕ ಬರಲಿಲ್ಲ. ಹೇಗೋ ಉರ್ದು ಹಿಡಿದು ಮೇಲೆ ಬಂದವರಿದ್ದರು. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಆಮೇಲೆ ಉಸ್ಮಾನಿಯಾದ ಬೋಧನೆ ಇಂಗ್ಲಿಷಿಗೆ ತಿರುಗಿತು. ಉರ್ದುವಿನಲ್ಲಿ ಬೀಜಗಣಿತ ಕಲಿತಿದ್ದ ಹುಡುಗರು, ಮನೆಮಾತು ಯಾವುದೇ ಇರಲಿ, ಮತ್ತೆ ಮೊದಲಿನಿಂದ ಪದ ಕಲಿಯತೊಡಗಿದರು.